ರೈಟರು ಕೊಟ್ಟ ಬೀಗದ ಕೈ

ರೈಟರ ಬೆರಳಲ್ಲಿ ಬೀಗದ ಕೈ ತಿರುಗುತ್ತಿದ್ದದ್ದು ನನಗೆ ನೆನಪಿದೆ. ಅಥವಾ ಆ ದಿನ ಅದು ತಿರುಗುತ್ತಿರಲೇ ಇಲ್ಲವೋ ಏನೋ; ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಎಂಬತ್ತರ ದಶಕದಲ್ಲಿ, ಪುತ್ತೂರಿನಲ್ಲಿ ನಾವಿದ್ದ ಬಾಡಿಗೆ ಬಿಡಾರಗಳನ್ನು ಗಲ್ಫಿನಲ್ಲಿದ್ದ ಧಣಿಯ ಪರವಾಗಿ, ಅವರ ಲೆಕ್ಕ ಬರೆಯುವ ಗುಮಾಸ್ತರಾದ ಈ ರೈಟರು ನೋಡಿಕೊಳ್ಳುತ್ತಿದ್ದರು. ಯಾರೇ ಬಿಡಾರ ಕೇಳಲಿ, "ಎಷ್ಟು ಜನ? ಯಾವಾಗ ಬರುದು?" ಎಂದಷ್ಟೇ ವಿಚಾರಿಸುವರು. ಕಣ್ಣು ಕಾಣದ ಸಂಗೀತದ ಮಾಸ್ಟ್ರಿಗೂ ಅದೇ ಪ್ರಶ್ನೆ.

ಊರಲ್ಲಿ ಧಣಿಯ ಅಧಿಕಾರ ನಡೆಸುತ್ತಿದ್ದ ಅವರ ಭಾವ ಸಿಡುಕಿದ: "ಇವರು ಬಾವಿಗೆ ಬಿದ್ದರೆ ಎಂತ ಮಾಡುದು ರೈಟ್ರೆ? ಕೊಟ್ಟರೆ ನಾಳೆಯಿಂದ ನಿಮಗೆ ಕೆಲಸ ಇಲ್ಲ."

"ಬಾವಿಗೆ ಕಟ್ಟೆ ಇಲ್ಲದ್ದು ಮಾಸ್ಟ್ರ ತಪ್ಪಾ? ಕಟ್ಟಿಸುವ."

"ಅಲ್ಲಿವರೆಗೆ ನಾನು ಬಾವಿ ಹತ್ತಿರ ಹಾಡುದಿಲ್ಲ ಮಾರಾಯ್ರೆ," ಎಂದರು ಮಾಸ್ಟ್ರು.

ರೈಟರು ಬೀಗದ ಕೈಯನ್ನು ಮಾಸ್ಟ್ರ ಅಂಗೈಯಲ್ಲಿಟ್ಟರು.

ಮಾಸ್ಟ್ರು ಬಂದರು, ಬಾವಿಗೆ ಕಟ್ಟೆಯೂ ಬಂತು. ಅದನ್ನು ಕಟ್ಟಿಸಿದ್ದು ಮಾತ್ರ ಹೊಸ ರೈಟರು. ಹಳಬರು ಎಲ್ಲಿಗೆ ಹೋದರೋ ನನಗೆ ಗೊತ್ತಿಲ್ಲ.