ನಾಯಿಗೂ ಹೆಸರಿತ್ತು

ಧ್ರುವಯಾತ್ರೆಯ ಚರಿತ್ರೆ ಓದಿ ಬಿ.ಪಿ. ಏರಿಸಿಕೊಂಡವನು ಯಲಹಂಕದಲ್ಲಿ ನಾನೊಬ್ಬನೇ ಇರಬೇಕು. ಫ್ಯಾನ್ ಕೆಳಗೆ ಕಾಲು ಚಾಚಿಕೊಂಡು, ಹಿಮದಲ್ಲಿ ಸಾಯುವವರ ಕಥೆ ಓದುವುದು ನಿವೃತ್ತ ಮೇಷ್ಟರಿಗೆ ಒಪ್ಪುವ ಹವ್ಯಾಸ. ಹೆಬ್ಬಾಳದ ಫ್ಲೈಓವರ್ ದಾಟಬೇಕೆಂದರೆ ಹಿಂದಿನ ದಿನವೇ ಧೈರ್ಯ ತಂದುಕೊಳ್ಳುವವನು ನಾನು. ಹಾಗಿದ್ದೂ ದಕ್ಷಿಣ ಧ್ರುವದ ವಿಷಯದಲ್ಲಿ ನನ್ನಷ್ಟು ಖಡಕ್ಕಾಗಿ ಮಾತಾಡುವವರು ನಮ್ಮ ಲೇಔಟಿನಲ್ಲಿ ಇಲ್ಲ.

ಮೊದಮೊದಲು ನನಗೂ ರೋಮಾಂಚನವೇ ಆಗುತ್ತಿತ್ತು. ಇಂಗ್ಲೆಂಡಿನ ಕ್ಯಾಪ್ಟನ್ ಧ್ರುವ ಮುಟ್ಟುವ ಹೊತ್ತಿಗೆ ನಾರ್ವೆಯವನು ಬಾವುಟ ನೆಟ್ಟು ಹೋಗಿಯಾಗಿತ್ತು. ಪಾಪ, ವಾಪಸು ಬರುವ ದಾರಿಯಲ್ಲಿ ಇಂಗ್ಲೆಂಡಿನವರೆಲ್ಲ ಸತ್ತರು. ಅದನ್ನೋದಿ ಕಣ್ಣೊರೆಸಿಕೊಂಡಿದ್ದೇನೆ. ಆದರೆ ಓದುತ್ತಾ ಹೋದಂತೆ ಒಂದು ವಿಷಯ ಚುಚ್ಚತೊಡಗಿತು. ಕುದುರೆಗಳಿಗೆ ಹೆಸರಿದೆ. ಕೊಂದು ತಿಂದ ನಾಯಿಗಳಿಗೂ ಹೆಸರಿದೆ. ಉತ್ತರದ ಯಾತ್ರೆಗಳಲ್ಲಿ ಸಾಹೇಬರು ಚಳಿಗೆ ಸಾಯದಂತೆ ತುಪ್ಪಳದ ಅಂಗಿ ಹೊಲಿದುಕೊಟ್ಟ ಅಲ್ಲಿನ ಹೆಂಗಸರು ಮಾತ್ರ ‘ಸ್ಥಳೀಯರು’. ಸೂಜಿ ಹಿಡಿದವಳ ಹೆಸರು ಕೇಳಲು ಪುರುಸೊತ್ತಿಲ್ಲದವನು ನಾಯಿಗೆ ನಾಮಕರಣ ಮಾಡಿದ್ದಾನೆ! ಇದಕ್ಕೆ ಸಿಟ್ಟು ಬರದಿದ್ದರೆ ಇನ್ಯಾವುದಕ್ಕೆ ಬರಬೇಕು?

ಈ ಸಿಟ್ಟಿನ ಕಾಲದಲ್ಲೇ ನಮ್ಮ ಲೇಔಟಿನ ಸಂಘದವರು ಶಾಲಾ ಮಕ್ಕಳಿಗಾಗಿ ಧ್ರುವಯಾತ್ರೆಯ ಪ್ರದರ್ಶನ ಇಡುತ್ತೇವೆ, ಬರಹ ನೀವು ಕೊಡಿ ಎಂದರು. ಸುದ್ದಿ ತಿಳಿದು ಮುನಿರಾಜು ಮನೆಗೆ ಬಂದರು. ಬ್ಯಾಟರಾಯನಪುರದ ಹಳೇ ಊರಿನವರು, ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಜನರೇಟರ್ ಮೆಕ್ಯಾನಿಕ್ ಆಗಿದ್ದವರು. ವಯಸ್ಸಿನಲ್ಲಿದ್ದಾಗ ನಮ್ಮ ದೇಶದ ತಂಡದ ಜೊತೆ ಅಂಟಾರ್ಕ್ಟಿಕಾಕ್ಕೆ ಹೋಗಿ, ಸೂರ್ಯನೇ ಹುಟ್ಟದ ಚಳಿಗಾಲ ಕಳೆದು ಬಂದಿದ್ದರು. ಅಲ್ಲಿ ಜನರೇಟರ್ ನಿಂತರೆ ಎಲ್ಲರ ಕಥೆ ಮುಗಿದಂತೆ. ಇವರು ಅದನ್ನು ನಿಲ್ಲಗೊಡಲಿಲ್ಲ.

ತಂಡದ ಫೋಟೋ ತಂದಿದ್ದರು. ಕೆಳಗೆ ವಿಜ್ಞಾನಿಗಳ ಹೆಸರು, ಕೊನೆಯಲ್ಲಿ ‘ಮತ್ತು ಸಿಬ್ಬಂದಿ’.

“ಸಾರ್, ನಮ್ ಮೊಮ್ಮಗ್ಳು ಇಸ್ಕೂಲಲ್ಲಿ ನಮ್ ತಾತ ಅಂಟಾರ್ಕ್ಟಿಕಾದಾಗೆ ಇದ್ದ ಅಂದ್ಳಂತೆ. ಸುಳ್ಳೇಳ್ಬೇಡ, ಕೂತ್ಕೋ ಅಂದ್ರಂತೆ ಮಿಸ್ಸು. ಮೂರು ದಿನದಿಂದ ನನ್ಜೊತೆ ಮಾತೇ ಬಿಟ್ಟವ್ಳೆ. ಆ ಬೋರ್ಡಲ್ಲಿ ನನ್ನೆಸ್ರು ಒಂದ್ಕಡೆ ಆಕ್ತೀರಾ?”

“ಹಾಕ್ದೆ ಇರ್ತೀನಾ ಮುನಿರಾಜು? ನೀವು ಅವಳನ್ನೇ ಕರ್ಕೊಂಡ್ಬಂದು ತೋರ್ಸಿ” ಎಂದೆ, ಭಾಷಣದ ಗತ್ತಿನಲ್ಲಿ.

ಫ್ಲೆಕ್ಸ್ ಪ್ರಿಂಟಾಗಿ ಬಂತು. ಮೇಲೆ ನೀಲಿ ಹಿಮ. ಹಿಮದ ತುಂಬ ಸಂಘದ ಅಧ್ಯಕ್ಷರು, ಉಪಾಧ್ಯಕ್ಷರು, ಖಜಾಂಚಿ, ಎಲ್ಲರೂ ಬಿಳಿ ಷರ್ಟಿನಲ್ಲಿ ಕೈಮುಗಿದು ನಗುತ್ತಿದ್ದರು. ನಮ್ಮಲ್ಲಿ ಬೋರ್‌ವೆಲ್ ಉದ್ಘಾಟನೆಯಾದರೂ ಅಷ್ಟೇ, ದಕ್ಷಿಣ ಧ್ರುವವಾದರೂ ಅಷ್ಟೇ, ಕಮಿಟಿಯ ಮುಖಗಳಿಲ್ಲದ ಫ್ಲೆಕ್ಸ್ ಇಲ್ಲ. ಮುನಿರಾಜು ಹೆಸರು ಎಲ್ಲೂ ಇರಲಿಲ್ಲ.

“ಜಾಗ ಸಾಲ್ಲಿಲ್ಲ ಸಾರ್, ಲಾಸ್ಟ್ ಲೈನ್ ತೆಗೆದ್ವಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ” ಎಂದರು ಕಾರ್ಯದರ್ಶಿ.

“ಖಜಾಂಚಿ ಎಷ್ಟು ಚಳಿಗಾಲ ಇದ್ರು ಕಣ್ರೀ ಅಲ್ಲಿ?” ಎಂದು ಕಿರುಚಿದೆ. ಬೀದಿಯ ನಾಯಿಗಳೆದ್ದವು. ಅದೇ ರಭಸದಲ್ಲಿ ಮನೆಗೆ ಬಂದು, ರುಜುವಾತಿಗೆಂದು ನನ್ನ ಹಸ್ತಪ್ರತಿ ತೆಗೆದು ನೋಡಿದೆ. ಇಂಗ್ಲೆಂಡಿನ ಕ್ಯಾಪ್ಟನ್ನನಿಗೆ ನಾಲ್ಕು ಪ್ಯಾರಾ. ನಾರ್ವೆಯವನಿಗೆ ಎರಡು. ಮುನಿರಾಜುಗೆ ಕಟ್ಟಕಡೆಯ ಒಂದು ಸಾಲು, ಕತ್ತರಿಗೆ ಅನುಕೂಲವಾಗುವ ಜಾಗದಲ್ಲಿ! ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಇನ್ನಷ್ಟು ಕೋಪ ಬರುತ್ತದೆ.

ಪ್ರದರ್ಶನದ ಬೆಳಿಗ್ಗೆ ಬ್ಯಾಟರಾಯನಪುರಕ್ಕೆ ಹೋಗಿ, ಒಲ್ಲೆನೆಂದ ಮುನಿರಾಜುವನ್ನು ಫೋಟೋ ಸಮೇತ ಸ್ಕೂಟರಿಗೆ ಹತ್ತಿಸಿದೆ. ಮೊಮ್ಮಗಳ ತರಗತಿ ಬಂತು. ಜೊತೆಗೆ ಅದೇ ಮಿಸ್ಸು. ಎಲ್ಲರನ್ನೂ ಫ್ಲೆಕ್ಸಿನ ಎದುರು ಕೂರಿಸಿ, ಅದಕ್ಕೆ ಅಡ್ಡವಾಗಿಯೇ ಮುನಿರಾಜುವನ್ನು ನಿಲ್ಲಿಸಿದೆ. ಕಾರ್ಯದರ್ಶಿ ಹಲ್ಲು ಕಡಿದರು. ಕಡಿಯಲಿ.

“ಅಲ್ಲಿ ನೀರಿಗೆ ಟ್ಯಾಂಕರ್ ಬರತ್ತಾ ಅಂಕಲ್?” ಎಂದಿತು ಒಂದು ಮಗು. ನಮ್ಮ ಏರಿಯಾದ ಮಗುವಲ್ಲವೇ!

“ಇಲ್ಲಮ್ಮ. ಐಸ್ ಅಗ್ದು ತಂದು ಕರಗುಸ್ಬೇಕು. ಸೈಂಟಿಸ್ಟೂ ಅಗೀಬೇಕು, ಅಡುಗೆಯೋನೂ ಅಗೀಬೇಕು. ಅಗೀದೆ ಇದ್ರೆ ಕಾಫಿ ಇಲ್ಲ” ಎಂದರು ಮುನಿರಾಜು. ಆಮೇಲೆ ಫೋಟೋ ಎತ್ತಿ ಹಿಡಿದು ಒಬ್ಬೊಬ್ಬರನ್ನೇ ತೋರಿಸಿದರು. ಇವರು ಲೀಡರ್, ಇವರು ಡಾಕ್ಟರು, ಇವನು ಅಡುಗೆ ಗೋಪಾಲನ್. ಎಲ್ಲರ ಹೆಸರೂ ಬಾಯಲ್ಲೇ ಇತ್ತು. ಮುಗಿಸಿ ಫೋಟೋ ಇಳಿಸಿದರು.

“ತಾತ, ನಿನ್ನೇ ಬಿಟ್ಬಿಟ್ಟೆ!”

ಮೊಮ್ಮಗಳು ಎದ್ದು ಬಂದು, ಮೂಲೆಯಲ್ಲಿ ಟೋಪಿಯೊಳಗೆ ಬರೀ ಮೂಗು ಕಾಣುತ್ತಿದ್ದವನ ಮೇಲೆ ಬೆರಳಿಟ್ಟಳು. ಮಿಸ್ಸಿನ ಮುಖವನ್ನೇ ನೋಡುತ್ತಾ ಹೇಳಿದಳು: “ಮುನಿರಾಜು. ಜನರೇಟರ್ ಮೆಕ್ಯಾನಿಕ್. ನಮ್ ತಾತ.”

ಮಿಸ್ಸು ಕೆಂಪಾದರು. “ಬರ್ಕೊಳ್ಳಿ ಮಕ್ಳೇ” ಎಂದರು. ಪೆನ್ಸಿಲ್‌ಗಳು ಓಡಿದವು. ನಾನು ಗೆದ್ದೆನೆಂದು ಕಾರ್ಯದರ್ಶಿಯ ಕಡೆ ಮೀಸೆ ತಿರುವುತ್ತಿರುವಾಗ ಮುನಿರಾಜು ನನ್ನ ತೋಳು ಹಿಡಿದೆಳೆದರು.

“ಸಾರ್, ಅಡುಗೆ ಗೋಪಾಲನ್ ಎಸ್ರೂ ಬರ್ಕೊಳ್ಳಕ್ಕೇಳಿ.”

ನನಗೆ ಅದು ಹೊಳೆದೇ ಇರಲಿಲ್ಲ.