ಹಗ್ಗವಿಲ್ಲದ ಲಿಫ್ಟ್

ಊರಿನ ಅರ್ಧಕ್ಕರ್ಧ ಲಿಫ್ಟುಗಳ ನಾಡಿ ಹಿಡಿದು ನೋಡಿದ ಮೆಕ್ಯಾನಿಕ್ ಅವನು. ಬಾಗಿಲು ಮುಚ್ಚುವ ಸದ್ದು ಕೇಳಿಯೇ ಯಾವ ಉರುಳೆ ಸವೆದಿದೆ ಎಂದು ಹೇಳಬಲ್ಲವನು. ಆದರೆ ಹಣೆಬರಹ ನೋಡಿ, ಅವನ ಸ್ವಂತ ಅತ್ತೆಯೇ ಲಿಫ್ಟ್ ಹತ್ತುತ್ತಿರಲಿಲ್ಲ.

ಕಾರಣ ಒಂದು ಸಿನಿಮಾ. ಅದರಲ್ಲಿ ಹಗ್ಗ ಕಿತ್ತು ಲಿಫ್ಟ್ ಪಾತಾಳಕ್ಕಿಳಿಯುತ್ತದೆ. ಒಳಗಿದ್ದವರ ಕೂಗು ಅತ್ತೆಯ ಕಿವಿಯಲ್ಲಿ ಹಾಗೇ ಉಳಿದುಬಿಟ್ಟಿತ್ತು. ಅಳಿಯನ ಮನೆ ಒಂಬತ್ತನೇ ಮಹಡಿಯಲ್ಲಿ. ಮೆಟ್ಟಿಲು ಹತ್ತಲು ಅವರ ಮಂಡಿ ಒಪ್ಪದು, ಲಿಫ್ಟ್ ಹತ್ತಲು ಮನಸ್ಸು ಒಪ್ಪದು. ಬಂದಾಗಲೆಲ್ಲ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ಊಟ, ಕಾಫಿ, ಮೊಮ್ಮಗಳು ಬರೆದ ಚಿತ್ರ, ಎಲ್ಲವೂ ಅಲ್ಲಿಗೇ ಇಳಿದು ಬರಬೇಕು. ಮಗಳ ಮನೆಯೊಳಗೆ ಅವರು ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಅಳಿಯ ಜಪ್ಪಯ್ಯ ಅಂದರೂ ಅವರು ಜಗ್ಗಲಿಲ್ಲ. “ಒಂದು ಹಗ್ಗ ಕಿತ್ತರೂ ಉಳಿದವು ಹಿಡ್ಕೊಳ್ತವೆ ಅತ್ತೆ” ಎಂದರೆ, “ಒಂದು ಕೀಳುತ್ತೆ ಅಂತ ನೀವೇ ಒಪ್ಕೊಂಡ್ರಲ್ಲ ಅಳಿಯಂದ್ರೇ” ಎನ್ನುತ್ತಿದ್ದರು.

ಇದು ಅವನನ್ನು ಒಳಗೊಳಗೇ ಕುಟುಕುತ್ತಿತ್ತು. ಗುರುತಿಲ್ಲದ ಜನ ಅವನ ಕೈಕೆಲಸವನ್ನು ನಂಬಿ ಮೇಲೆ ಕೆಳಗೆ ಓಡಾಡುತ್ತಾರೆ. ಮನೆಯವರೇ ನಂಬದಿದ್ದರೆ ಹೇಗೆ? ಆ ಸಿನಿಮಾ ತೆಗೆದ ಸ್ಟುಡಿಯೋವನ್ನು ಈಗ ಜನರಿಗೆ ತೋರಿಸುತ್ತಾರೆ, ಆ ಲಿಫ್ಟೂ ಅಲ್ಲೇ ಇದೆ ಎಂದು ಗೊತ್ತಾದದ್ದೇ ತಡ, ನಾಲ್ವರಿಗೂ ಟಿಕೆಟ್ ತಂದ. ಸುಳ್ಳನ್ನು ಒಮ್ಮೆ ಕಣ್ಣಾರೆ ಕಂಡರೆ ಭಯ ತಾನಾಗಿ ಬಿಟ್ಟುಹೋಗುತ್ತದೆ ಎಂಬುದು ಅವನ ಲೆಕ್ಕಾಚಾರ.

ಸ್ಟುಡಿಯೋದಲ್ಲಿ ಮೊದಲು ಸಿಕ್ಕಿದ್ದು ಬರೀ ಮುಂಭಾಗಗಳಿದ್ದ ಮನೆಗಳ ಒಂದು ಬೀದಿ. ಅತ್ತೆ ಒಂದು ಬಂಗಲೆಯ ಹಿಂದಕ್ಕೆ ಹೋಗಿ ಇಣುಕಿದರು. ಗೋಡೆಗೆ ಮರದ ಕಂಬಗಳನ್ನು ಓರೆಯಾಗಿ ಆನಿಸಿ ನಿಲ್ಲಿಸಿದ್ದರು.

“ಮುಂದೆ ಅರಮನೆ, ಹಿಂದೆ ಊರುಗೋಲು. ನಿಮ್ಮಪ್ಪನ ಕಡೆ ನೆಂಟರೆಲ್ಲ ಹೀಗೇ ಕಣೇ” ಎಂದರು ಮಗಳಿಗೆ.

“ಅಮ್ಮ, ಮೆಲ್ಲಗೆ. ನಾನೂ ಅದೇ ಕಡೆಯವಳು” ಎಂದಳು ಅವನ ಹೆಂಡತಿ.

ಮೊಮ್ಮಗಳು ಅಷ್ಟರಲ್ಲಿ ಸ್ಪಂಜಿನ ಬಂಡೆಯೊಂದನ್ನು ಒಂದೇ ಕೈಯಲ್ಲಿ ಎತ್ತಿ ಅಪ್ಪನ ತಲೆಯ ಮೇಲಿಟ್ಟಾಗಿತ್ತು.

ಲಿಫ್ಟ್ ಒಂದು ಶೆಡ್ಡಿನಲ್ಲಿತ್ತು. ನಾಲ್ಕು ದಪ್ಪ ಸ್ಪ್ರಿಂಗುಗಳ ಮೇಲೆ, ನೆಲದಿಂದ ಒಂದು ಗೇಣು ಎತ್ತರಕ್ಕೆ ಕೂರಿಸಿದ ಮರದ ಪೆಟ್ಟಿಗೆ, ಅಷ್ಟೇ. ಇಬ್ಬರು ಆಳುಗಳು ಕೋಲು ಹಾಕಿ ಅಲ್ಲಾಡಿಸುತ್ತಾರೆ. ಕಿಟಕಿಯಾಚೆ ದೀಪಗಳ ಸಾಲು ಮೇಲಕ್ಕೆ ಓಡುತ್ತದೆ. ಒಳಗಿದ್ದವರಿಗೆ ತಾವು ಬೀಳುತ್ತಿದ್ದೇವೆ ಅನ್ನಿಸುತ್ತದೆ ಎಂದು ಗೈಡ್ ಹುಡುಗಿ ವಿವರಿಸಿದಳು.

“ಇಲ್ಲಿಂದ ಬಿದ್ರೆ ಬಳೆ ಕೂಡ ಒಡೆಯಲ್ಲ” ಎಂದು ಅತ್ತೆ ಸೆರಗು ಸಿಕ್ಕಿಸಿ ಹತ್ತಿಯೇಬಿಟ್ಟರು. ಹಿಂದೆಯೇ ಮಗಳು, ಮೊಮ್ಮಗಳು.

ಅವನೂ ಹತ್ತಲು ಮುಂದಾದ. ಅಭ್ಯಾಸಬಲದಿಂದ ಕಣ್ಣು ಮೇಲೆ ಹೋಯಿತು. ಹಗ್ಗವಿಲ್ಲ. ಪಕ್ಕಕ್ಕೆ ನೋಡಿದ. ಲಿಫ್ಟ್ ಜಾರಿ ಓಡುವ ಕಂಬಿಗಳಿಲ್ಲ. ಬಾಗಿಲನ್ನು ಪರದೆ ಕಟ್ಟುವ ಸರಳಿಗೆ ನೇತುಹಾಕಿದ್ದರು. ಎತ್ತಬೇಕಿದ್ದ ಕಾಲು ನೆಲದಲ್ಲೇ ನಿಂತಿತು.

“ಬನ್ನಿ ಸಾರ್, ಇದು ಎಲ್ಲಿಗೂ ಹೋಗಲ್ಲ” ಎಂದಳು ಹುಡುಗಿ.

“ಗೊತ್ತಮ್ಮ. ಆದ್ರೂ ಹಗ್ಗ ಇಲ್ಲ.”

“ರೀ, ಒಂದು ಗೇಣು ಎತ್ತರ ರೀ ಇದು.”

“ಗೇಣೋ ಮಾರೋ, ಲಿಫ್ಟ್ ಅಂದ್ಮೇಲೆ ಲಿಫ್ಟು. ನೀವು ಹೋಗ್ಬನ್ನಿ.”

ಅವನ ಕಾಲು ಕೊನೆಗೂ ಏಳಲಿಲ್ಲ. ಹಿಂದಿನ ಸಾಲಿನಲ್ಲಿದ್ದವರು ನಕ್ಕರು. ಪೆಟ್ಟಿಗೆ ಗಡಗಡ ಅಲ್ಲಾಡಿದಾಗ ಅತ್ತೆ ಸಿನಿಮಾದವರಿಗಿಂತ ಜೋರಾಗಿ, ಖುಷಿಯಿಂದ ಕೂಗಿದರು. ಇಳಿದ ಮೇಲೆ ಅವನು ಆಸೆಯಿಂದ ಕೇಳಿದ, “ಈಗ ಭಯ ಹೋಯ್ತಾ ಅತ್ತೆ?”

“ಇದರ ಭಯ ಹೋಯ್ತು. ಇದು ಸುಳ್ಳು ಲಿಫ್ಟು, ಬೀಳಲ್ಲ. ನಿಮ್ಮದು ನಿಜದ್ದು. ಬೀಳೋದು ನಿಜದ್ದೇ ತಾನೆ?”

ಅವನ ಲೆಕ್ಕಾಚಾರ ತಲೆಕೆಳಗಾಗಿತ್ತು. ದಾರಿಯುದ್ದಕ್ಕೂ ಮೊಮ್ಮಗಳು “ಅಪ್ಪಂಗೆ ಲಿಫ್ಟ್ ಅಂದ್ರೆ ಭಯ” ಎಂದು ರಾಗ ಎಳೆದಳು. ಅತ್ತೆ ಮಾತ್ರ ಏನೋ ಯೋಚನೆಯಲ್ಲಿದ್ದರು.

ಸಂಜೆ ಮನೆ ತಲುಪಿದಾಗ ಅವನು ಕಲ್ಲುಬೆಂಚಿನ ಧೂಳು ಒರೆಸಿದ. ಅತ್ತೆ ಕೂರಲಿಲ್ಲ. ನೆಟ್ಟಗೆ ಲಿಫ್ಟಿನ ಮುಂದೆ ಹೋಗಿ ನಿಂತರು.

“ಇದನ್ನ ನೋಡ್ಕೊಳ್ಳೋದು ಯಾರು?”

“ನಾನೇ ಅತ್ತೆ.”

“ಹಂಗಾದ್ರೆ ಹತ್ತಿ, ನೋಡೋಣ.”

ಅವನು ಎಂದಿನಂತೆ ಹತ್ತಿ ಒಳಗೆ ನಿಂತ. ಅತ್ತೆ ಅವನ ಮುಖ ನೋಡಲಿಲ್ಲ, ಕಾಲನ್ನೇ ನೋಡುತ್ತಿದ್ದರು.

“ಅಷ್ಟು ಜನ ನಕ್ಕರೂ ಅಲ್ಲಿ ಎತ್ತದ ಕಾಲು ಇಲ್ಲಿ ತಾನಾಗಿ ಎದ್ದಿತಲ್ಲ” ಎಂದರು. “ಸರೀರಿ ಆ ಕಡೆ. ನಂಗೂ ಜಾಗ ಬೇಕು.”

ಮಗಳು, ಮೊಮ್ಮಗಳೂ ಹತ್ತಿದ ಮೇಲೆ ಬಾಗಿಲು ಮುಚ್ಚಿತು. ಅತ್ತೆ ಅಳಿಯನ ತೋಳನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡರು. ಒಂಬತ್ತನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಒಂದು ಕಣ್ಣು ಮಾತ್ರ ಬಿಟ್ಟು ಕೇಳಿದರು, “ಯಾಕೆ, ಹೊರಡಲಿಲ್ವಾ?”

“ಬಂದಾಯ್ತು ಅತ್ತೆ.”

“ಅಲ್ಲಾಡ್ಲೇ ಇಲ್ಲವಲ್ಲ” ಎಂದರು ಅವರು, ತುಸು ನಿರಾಸೆಯಿಂದಲೇ.

ಇಷ್ಟು ವರ್ಷದ ಕೆಲಸದಲ್ಲಿ ಅವನಿಗೆ ಯಾರೂ ಕೊಡದಿದ್ದ ಸರ್ಟಿಫಿಕೇಟು ಅದು. ಉಗುರಿನ ಗುರುತು ಬಿದ್ದ ತೋಳನ್ನು ಸವರಿಕೊಳ್ಳುತ್ತ ಮನೆಯ ಬೀಗ ತೆಗೆದ. ಅತ್ತೆ ಹೊಸ್ತಿಲು ದಾಟಿದವರೇ ಸುತ್ತ ಕಣ್ಣಾಡಿಸಿ ಮಗಳ ಕಡೆ ತಿರುಗಿದರು.

“ನಾನು ಬರಲ್ಲ ಅನ್ನೋ ಧೈರ್ಯದ ಮೇಲೆ ಮನೆ ಹಿಂಗಿಟ್ಟಿದ್ದೀಯಾ?”