ಸೊನ್ನೆ ಬಂದರೂ ಕೀ ಕೊಡದ ಊದಕ್ಕ

ಇನ್ನೂ ಬೆಳಕು ಹರಿದಿಲ್ಲ. ಬಸ್ ಡಿಪೋದ ಗೇಟಿನ ಪಕ್ಕದ ಕಿಟಕಿಯ ಮುಂದೆ ಚಾಲಕರು ಆಕಳಿಸುತ್ತ ಸಾಲುಗಟ್ಟಿದ್ದಾರೆ. ಕಿಟಕಿಯೊಳಗೆ, ಮೊಳೆಗಳಿಗೆ ನೇತುಹಾಕಿದ ಕೀಗೊಂಚಲುಗಳ ಕೆಳಗೆ, ಸ್ವೆಟರಿನ ತೋಳು ಮೇಲೇರಿಸಿಕೊಂಡ ಹೆಂಗಸೊಬ್ಬರು ಉಸಿರು ಪರೀಕ್ಷಿಸುವ ಪುಟ್ಟ ಯಂತ್ರ ಹಿಡಿದು ಕೂತಿದ್ದಾರೆ. ಸೊನ್ನೆ ಬಂದವರಿಗೆ ಕೀ, ಉಳಿದವರಿಗೆ ಮನೆ ದಾರಿ.

"ಜೋರಾಗಿ ಊದಪ್ಪ. ಹೆಂಡ್ತಿ ಮೇಲೆ ಕೂಗಾಡೋವಾಗ ಅಷ್ಟೊಂದು ಉಸಿರು ಎಲ್ಲಿಂದ ಬರತ್ತೆ?" ಎನ್ನುತ್ತಾರೆ. ಸಾಲು ನಗುತ್ತದೆ. ಡಿಪೋದಲ್ಲಿ ಇವರ ಹೆಸರು ಊದಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇದೆ.

ಇಲ್ಲೇ ಮೆಕ್ಯಾನಿಕ್ ಆಗಿದ್ದ ಗಂಡ ಕಾಯಿಲೆಯಿಂದ ತೀರಿಕೊಂಡ ಮೇಲೆ, ಬಸ್ಸು ತೊಳೆಯುವ ಕೆಲಸಕ್ಕೆ ಸೇರಿದವರು ಊದಕ್ಕ. ಸೋಪಿನ ನೀರಿನಲ್ಲಿ ಬೆರಳು ಬಿರಿದು, ಅನ್ನ ಕಲಸಿದರೆ ಉರಿಯುತ್ತಿತ್ತಂತೆ. ಹಾಗೆಯೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದರು. ಈ ಕಿಟಕಿ ಸಿಕ್ಕಿದ್ದು ಆಮೇಲೆ. ಬೆಳಗಿನ ಪಾಳಿಯೊಂದರಲ್ಲೇ ನೂರರ ಹತ್ತಿರ ಚಾಲಕರು ಇವರ ಮುಂದೆ ಊದಿ ಹೋಗುತ್ತಾರೆ.

"ನಿನ್ನೆ ಕುಡಿದದ್ದು ಇನ್ನೂ ಮೈಯಲ್ಲಿದ್ಯಾ ಅಂತ ಮಿಷಿನ್ ಹೇಳತ್ತೆ, ಅಷ್ಟೆ. ಕುಡಿತ ಅವನನ್ನ ಹಿಡ್ಕೊಂಡಿದ್ಯಾ ಅನ್ನೋದು ಅದಕ್ಕೆ ಗೊತ್ತಾಗಲ್ಲ. ನಂಗೂ ಗೊತ್ತಾಗಿರಲಿಲ್ಲ," ಎನ್ನುತ್ತಾರೆ.

ಗೊತ್ತಾಗದೆ ಹೋದದ್ದು ಸ್ವಂತ ತಮ್ಮನ ವಿಷಯ. ಅವನೂ ಇಲ್ಲಿ ಚಾಲಕ. ಒಂದು ದಿನ ತಮ್ಮನ ಹೆಂಡತಿ ಮನೆಗೆ ಬಂದು ಕೂತಳು. "ನೀರಿನ ಟ್ಯಾಂಕ್ ಹಿಂದೆ ಬಾಟಲಿ ಸಿಗ್ತಿದೆ ಅತ್ತಿಗೆ. ಮೊದಲು ಎರಡು ಗ್ಲಾಸಿಗೇ ತೂಗಾಡ್ತಿದ್ರು, ಈಗ ಎಷ್ಟು ಹೊಯ್ಕೊಂಡ್ರೂ ಸಾಲಲ್ಲ. ಬಿಡ್ತೀನಿ ಅಂತ ಮಗಳ ತಲೆ ಮುಟ್ಟಿ ಹೇಳಿದ್ರು, ಮಾರನೇ ದಿನ ಮತ್ತೆ ಅದೇ."

ಊದಕ್ಕ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ದಿನಾ ನನ್ನ ಮುಂದೇನೇ ಊದ್ತಾನೆ, ಸೊನ್ನೆ ಬರತ್ತೆ. ಸುಮ್ಮನೆ ಇಲ್ಲದ್ದು ತಲೆಗೆ ಹಚ್ಕೋಬೇಡ," ಎಂದು ಗದರಿ ಕಳಿಸಿದರು. ಬೇರೆ ಯಾರಾದರೂ ಆಗಿದ್ದರೆ ಬಾಟಲಿಯನ್ನು ನಂಬುತ್ತಿದ್ದರು. ದಿನವಿಡೀ ಯಂತ್ರ ಹಿಡಿದು ಕೂತವರು ಯಂತ್ರವನ್ನು ನಂಬಿದರು. ಆ ಗದರಿಕೆಯ ಮಾತೆತ್ತಿದರೆ ಅವರಿಗೆ ಇವತ್ತಿಗೂ ನಾಚಿಕೆ.

ತಮ್ಮನೋ ಲೆಕ್ಕ ಹಾಕಿ ಕುಡಿಯುತ್ತಿದ್ದ. ಪಾಳಿ ಮುಗಿದ ಮಧ್ಯಾಹ್ನವೇ ಶುರು, ಸಂಜೆಗೆ ಬಂದ್. ಬೆಳಗಿನ ಹೊತ್ತಿಗೆ ಉಸಿರು ಸ್ವಚ್ಛ, ಆದರೆ ಮೈ ಮಾತ್ರ ಮತ್ತೆ ಬೇಕು ಅಂತ ಹಟ ಹಿಡಿಯುತ್ತಿತ್ತು. ಅಂಥ ಒಂದು ಬೆಳಗ್ಗೆ ಸೊನ್ನೆ ಬಂತೆಂದು ಅಕ್ಕ ಅವನ ಅಂಗೈಯಲ್ಲಿ ಕೀಗೊಂಚಲು ಇಟ್ಟರು. ಗೊಂಚಲು ಗಲಗಲ ಅನ್ನುತ್ತಲೇ ಇತ್ತು. ಅವನು ಇನ್ನೊಂದು ಕೈಯಿಂದ ಅದನ್ನು ಅಮುಕಿ ಹಿಡಿದ.

"ಚಳಿ ಅಕ್ಕ," ಎಂದ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

ಊದಕ್ಕನಿಗೆ ಟ್ಯಾಂಕ್ ಹಿಂದಿನ ಬಾಟಲಿಯ ಮಾತು ನೆನಪಾಯಿತು. ಗೇಟಿನಾಚೆ ನಿಲ್ದಾಣದಲ್ಲಿ ಅವನ ಬಸ್ಸಿಗೆ ಜನ ಆಗಲೇ ಕಾಯುತ್ತಿದ್ದರು. ಅಕ್ಕ ಅವನ ಕೈಯಿಂದ ಕೀ ಕಿತ್ತುಕೊಂಡರು.

"ಸೊನ್ನೆ ಇದ್ಯಲ್ಲ, ಕೊಡು."

"ಕೊಡಲ್ಲ."

ಸೊನ್ನೆ ಬಂದವನಿಗೆ ಕೀ ತಡೆಯುವ ಅಧಿಕಾರ ಅವರಿಗಿಲ್ಲ. ಮೇಲಧಿಕಾರಿ ಬಂದು ಹಿಗ್ಗಾಮುಗ್ಗಾ ಬೈದರು. ಕೆಲಸ ಹೋದರೂ ಸರಿ, ಡಾಕ್ಟರು ನೋಡುವ ತನಕ ಕೊಡುವುದಿಲ್ಲ ಎಂದು ಊದಕ್ಕ ಪಟ್ಟು ಹಿಡಿದರು. "ಸ್ವಂತ ಅಕ್ಕ ಆಗಿ ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲ," ಎಂದು ಅವನು ಸಾಲಿನವರೆದುರೇ ಹೇಳಿದ.

ಆಸ್ಪತ್ರೆಗೆ ಅವನನ್ನು ಕರೆದೊಯ್ದದ್ದು ಅದೇ ಹೆಂಡತಿ. ಅವಳಲ್ಲಿ ಊದಕ್ಕ ಮೊದಲು ಕೇಳಿದ್ದು ಕ್ಷಮೆ. ಇಷ್ಟು ಕುಡಿದವರು ಮನೆಯಲ್ಲಿ ತಾವೇ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಸೇರಿಸಿಕೊಂಡರು. ಈಗ ಅವನಿಗೆ ಸ್ಟೀರಿಂಗ್ ಇಲ್ಲ, ಟೈರ್ ವಿಭಾಗದಲ್ಲಿ ಕೆಲಸ. ಅಕ್ಕನ ಜೊತೆ ಮಾತು ಬಿಟ್ಟಿದ್ದಾನೆ. ಎದುರು ಸಿಕ್ಕರೆ ಮುಖ ತಿರುಗಿಸಿ ಹೋಗುತ್ತಾನೆ. ಅದು ಊದಕ್ಕನಿಗೆ ನೋವು, ಮುಚ್ಚಿಡುವುದೂ ಇಲ್ಲ. "ಎತ್ತಿ ಆಡಿಸಿದ ಹುಡುಗ. ಕರುಳು ಚುರ್ ಅನ್ನತ್ತೆ."

ಕೊನೆಯ ಬಸ್ಸು ಗೇಟು ದಾಟಿದ ಮೇಲೆ ಅವರು ಯಂತ್ರ ಒರೆಸಿಟ್ಟು ತಮ್ಮನ ಹೆಂಡತಿಗೆ ಫೋನು ಹಚ್ಚುತ್ತಾರೆ. ಇದು ದಿನದ ರೂಢಿ.

"ನಿನ್ನೆ ಸಂಜೆ ಹೇಗಿದ್ದ?"

"ಏನು ಹೇಳ್ಲಿ ಅತ್ತಿಗೆ. ಊಟಕ್ಕೆ ಕೂತಾಗಿನಿಂದ ಏಳೋವರೆಗೂ ನಿಮ್ಮನ್ನೇ ಬೈದ್ರು."

"ನಾಲಿಗೆ ತೊದಲ್ತಿತ್ತಾ?"

"ಇಲ್ಲ. ಒಂದೊಂದು ಅಕ್ಷರಾನೂ ಸ್ಪಷ್ಟ."

"ಹಾಗಿದ್ರೆ ಬೈಲಿ ಬಿಡು," ಎನ್ನುತ್ತಾರೆ ಊದಕ್ಕ.